ರಿಪೋರ್ಟಿನ ಅಂಕಿಯೂ ಮೇದೋಜೀರಕದ ಕ್ಯಾನ್ಸರೂ

ಮಗ್ರಿಬ್ ನಮಾಝ್ ಮುಗಿಸಿ ಚಹಾಕ್ಕೆ ಕೂತಿದ್ದೆ. ಹೈದರಾಬಾದಿನ ಮಾದಾಪುರದಿಂದ ತಂಗಿಯ ಮಗನ ಫೋನು ಬಂತು. ಸಲಾಂ ಹೇಳುವಾಗಲೇ ದನಿ ನಡುಗುತ್ತಿತ್ತು. "ಮಾಮು, ವಾಟ್ಸಾಪಿಗೆ ರಿಪೋರ್ಟ್ ಹಾಕೀನಿ, ಜರಾ ನೋಡ್ರಿ. ಬಡೇ ಮಾಮುಗೆ ಆಗಿದ್ದೇ ನನಗೂ ಆಗ್ಯಾದೇನು?" ಅಂದ.

1998ರಲ್ಲಿ ಮಾದಾಪುರದಲ್ಲಿ ಸೈಬರ್ ಟವರ್ಸ್ ಎದ್ದು ನಿಂತ ಮೇಲೆ ಆ ಕಡೆ ಕೆಲಸಕ್ಕೆ ಹೋದ ಕಲಬುರಗಿ, ಬೀದರ್, ರಾಯಚೂರಿನ ಮಕ್ಕಳಿಗೆ ಲೆಕ್ಕವಿಲ್ಲ. ಇವನೂ ಅವರಲ್ಲಿ ಒಬ್ಬ. ವಯಸ್ಸು 31. ಕಂಪನಿಯವರು ವರ್ಷಕ್ಕೊಮ್ಮೆ 'ಫುಲ್ ಬಾಡಿ ಚೆಕಪ್' ಮಾಡಿಸುತ್ತಾರೆ. ಈ ಸಲದ ಪ್ಯಾಕೇಜಿನಲ್ಲಿ ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್ ಜೊತೆಗೆ 'ಕ್ಯಾನ್ಸರ್ ಮಾರ್ಕರ್' ಅಂತ ಒಂದು ಸಾಲು ಹೊಸದಾಗಿ ಸೇರಿತ್ತು. 'ಸಿಎ 19-9: 52'. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಹೈ'. ನಾರ್ಮಲ್ ಅಂದರೆ 37ರ ಒಳಗೆ ಇರಬೇಕು. ಹುಡುಗ ಅದನ್ನು ಗೂಗಲ್‌ನಲ್ಲಿ ಹುಡುಕಿದ್ದಾನೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಂತ ಬಂದಿದೆ. ಅಲ್ಲಿಗೆ ಮುಗಿಯಿತು, ಊಟ ನಿದ್ದೆ ಎರಡೂ ಹೋದವು.

ಅವನು ಹೆದರುವುದಕ್ಕೆ ಕಾರಣ ಇತ್ತು. ನಮ್ಮ ಭಾಯಿಜಾನ್, ಅಂದರೆ ಅವನ ಬಡೇ ಮಾಮು, ಎರಡು ವರ್ಷದ ಹಿಂದೆ ಇದೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಆದರೆ ಹುಡುಗನಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಭಾಯಿಜಾನರಿಗೂ ಇದೇ ಪರೀಕ್ಷೆ ಮಾಡಿಸಿದ್ದೆವು. ಅವರ ರಿಪೋರ್ಟಿನಲ್ಲಿ ಬಂದಿದ್ದ ಅಂಕಿ ಬರೀ 3.

ಕ್ಯಾನ್ಸರ್ ಇದ್ದವರಿಗೆ 3, ಇಲ್ಲದವನಿಗೆ 52. ಒಂದೇ ಮನೆಯಲ್ಲಿ ಒಂದೇ ಪರೀಕ್ಷೆ ಎರಡು ಸಲ, ಎರಡು ಬಗೆಯಲ್ಲಿ ನಮ್ಮನ್ನು ದಾರಿ ತಪ್ಪಿಸಿತು. ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವನು. ಈ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದನ್ನು ನಮ್ಮ ಮನೆಗಳಿಗೂ ವಿದ್ಯಾರ್ಥಿಗಳಿಗೂ ತಿಳಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಕಾಣದ ಜಾಗದ ಅಂಗ

ಉರ್ದುವಿನಲ್ಲಿ ಲಬ್‌ಲಬಾ ಅನ್ನುತ್ತಾರಲ್ಲ, ಅದೇ ಮೇದೋಜೀರಕ ಗ್ರಂಥಿ, ಡಾಕ್ಟರರ ಬಾಯಲ್ಲಿ ಪ್ಯಾಂಕ್ರಿಯಾಸ್. ಜಠರದ ಹಿಂದೆ, ಬೆನ್ನೆಲುಬಿಗೆ ಹತ್ತಿರ ಅಡ್ಡಲಾಗಿ ಮಲಗಿರುವ ಸುಮಾರು 15 ಸೆಂಟಿಮೀಟರ್ ಉದ್ದದ ಅಂಗ. ಇದಕ್ಕೆ ಎರಡು ಕೆಲಸ. ಅನ್ನ ಅರಗಿಸುವ ರಸವನ್ನು ಸಣ್ಣ ಕರುಳಿಗೆ ಕಳಿಸುವುದು ಒಂದು, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನನ್ನು ರಕ್ತಕ್ಕೆ ಬಿಡುವುದು ಇನ್ನೊಂದು.

ಎದೆಯಲ್ಲಿ ಗಂಟಾದರೆ ಕೈಗೆ ಸಿಗುತ್ತದೆ. ಬಾಯಲ್ಲಿ ಹುಣ್ಣಾದರೆ ಕಣ್ಣಿಗೆ ಕಾಣುತ್ತದೆ. ಇದು ಯಾವುದಕ್ಕೂ ಸಿಗುವುದಿಲ್ಲ. ಗ್ರಂಥಿಯ ತಲೆಯ ಭಾಗದಲ್ಲಿ ಗಡ್ಡೆ ಬೆಳೆದರೆ ಪಕ್ಕದ ಪಿತ್ತನಾಳ ಒತ್ತಿ ಕಾಮಾಲೆ ಕಾಣಿಸಿಕೊಳ್ಳುತ್ತದೆ, ಹೀಗಾಗಿ ಬೇಗ ಗೊತ್ತಾಗುವ ಸಾಧ್ಯತೆ ಇದೆ. ನಡುವೆ ಅಥವಾ ಬಾಲದ ಕಡೆ ಬೆಳೆದರೆ ಬಹಳ ದಿನ ಸದ್ದೇ ಇರುವುದಿಲ್ಲ. ರೋಗ ಪತ್ತೆಯಾದಾಗ ಆಪರೇಷನ್ ಮಾಡಿ ತೆಗೆಯಬಹುದಾದ ಸ್ಥಿತಿಯಲ್ಲಿ ಇರುವವರು ನೂರಕ್ಕೆ 15ರಿಂದ 20 ಮಂದಿ ಮಾತ್ರ. ಅಮೆರಿಕದಂಥ ದೇಶದಲ್ಲೂ ಐದು ವರ್ಷ ಬದುಕುಳಿಯುವವರು ನೂರಕ್ಕೆ ಸುಮಾರು 13. ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ್ ಪರಿಕ್ಕರ್ 2019ರ ಮಾರ್ಚ್‌ನಲ್ಲಿ ತೀರಿಕೊಂಡದ್ದು ಈ ಕ್ಯಾನ್ಸರಿನಿಂದಲೇ.

ಇಂಥ ರೋಗವನ್ನು ಒಂದು ಚಮಚೆ ರಕ್ತದಲ್ಲಿ ಮೊದಲೇ ಹಿಡಿಯಲು ಬರುವಂತಿದ್ದರೆ ಎಷ್ಟು ಒಳ್ಳೆಯದು! ಆಸೆ ಸಹಜ. ಮಾರುಕಟ್ಟೆ ಬಂಡವಾಳ ಮಾಡಿಕೊಳ್ಳುವುದೂ ಈ ಆಸೆಯನ್ನೇ.

19-9 ಅಂದರೇನು?

1979ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಹಿಲರಿ ಕೊಪ್ರೊವ್‌ಸ್ಕಿ ಮತ್ತು ಸಂಗಡಿಗರು ದೊಡ್ಡ ಕರುಳಿನ ಕ್ಯಾನ್ಸರ್ ಜೀವಕೋಶಗಳನ್ನು ಇಲಿಗಳಿಗೆ ಚುಚ್ಚಿ, ಅವುಗಳ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಪರೀಕ್ಷಿಸುತ್ತಿದ್ದರು. ಅಂಥ ಒಂದು ಪ್ರತಿಕಾಯಕ್ಕೆ ಪ್ರಯೋಗಾಲಯದಲ್ಲಿ ಕೊಟ್ಟ ನಂಬರು 19-9. ಅದು ಹೋಗಿ ಅಂಟಿಕೊಳ್ಳುವ ವಸ್ತುವಿಗೆ ಸಿಎ 19-9 ಅಂತ ಹೆಸರಾಯಿತು. ಆಮೇಲೆ ನೋಡಿದರೆ ಈ ವಸ್ತು ಕರುಳಿನ ಕ್ಯಾನ್ಸರಿಗಿಂತ ಮೇದೋಜೀರಕದ ಕ್ಯಾನ್ಸರಿನಲ್ಲೇ ಹೆಚ್ಚು ಏರುತ್ತಿತ್ತು.

ಇದು ಕ್ಯಾನ್ಸರ್ ಮಾತ್ರ ತಯಾರಿಸುವ ವಿಷವೇನೂ ಅಲ್ಲ. ಜೀವಕೋಶದ ಹೊರಮೈಯಲ್ಲಿ ಅಂಟಿಕೊಂಡಿರುವ ಒಂದು ಬಗೆಯ ಸಕ್ಕರೆಯ ಸರಪಳಿ. ಆರೋಗ್ಯವಂತರ ಪಿತ್ತನಾಳ, ಮೇದೋಜೀರಕ ನಾಳಗಳ ಒಳಪದರವೂ ಇದನ್ನು ಸ್ವಲ್ಪ ಪ್ರಮಾಣದಲ್ಲಿ ತಯಾರಿಸುತ್ತದೆ. ಹಾಗಾಗಿ ಪಿತ್ತ ಹರಿಯುವ ದಾರಿ ಕಟ್ಟಿಕೊಂಡರೆ ಸಾಕು, ಇದು ರಕ್ತದಲ್ಲಿ ಏರುತ್ತದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಕಾಮಾಲೆಯಾದವರಲ್ಲಿ ನೂರಾರು ಬರಬಹುದು, ಕೆಲವೊಮ್ಮೆ ಸಾವಿರವನ್ನೂ ದಾಟಬಹುದು. ಕಲ್ಲು ತೆಗೆದರೆ ಇಳಿದುಬಿಡುತ್ತದೆ. ಮೇದೋಜೀರಕದ ಉರಿಯೂತ, ಲಿವರ್ ಸಿರೋಸಿಸ್‌ನಲ್ಲೂ ಏರುತ್ತದೆ. ಯಾವ ಕಾರಣವೂ ಸಿಗದೆ 40, 50 ಇರುವವರೂ ಇದ್ದಾರೆ. ಕಾಮಾಲೆ ಇರುವಾಗ ಬಂದ ಅಂಕಿಯನ್ನು ಡಾಕ್ಟರು ಪೂರ್ತಿ ನಂಬದೆ, ಕಾಮಾಲೆ ಇಳಿದ ಮೇಲೆ ಮತ್ತೆ ಮಾಡಿಸಿ ಅನ್ನುವುದು ಇದೇ ಕಾರಣಕ್ಕೆ.

ಭಾಯಿಜಾನರಿಗೆ ಬಂದ 3ರ ಅರ್ಥ ಬೇರೆಯೇ. ಎ, ಬಿ, ಒ ರಕ್ತದ ಗುಂಪುಗಳು ಎಲ್ಲರಿಗೂ ಗೊತ್ತು. ಇವಲ್ಲದೆ ಲೂಯಿಸ್ ಅನ್ನುವ ಇನ್ನೊಂದು ಗುಂಪು ಉಂಟು. ಇಂಗ್ಲೆಂಡಿನ ಆರ್ಥರ್ ಮೌರಂಟ್ 1946ರಲ್ಲಿ ಅದನ್ನು ಗುರುತಿಸಿದರು. ಸಿಎ 19-9 ಈ ಲೂಯಿಸ್ ಸಕ್ಕರೆಯ ಬಳಗಕ್ಕೇ ಸೇರಿದ್ದು. ಜನರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಆ ಸಕ್ಕರೆಯನ್ನು ಕಟ್ಟುವ ಕಿಣ್ವ ಹುಟ್ಟಿನಿಂದಲೇ ಇರುವುದಿಲ್ಲ. ಅದರಿಂದ ಅವರ ಆರೋಗ್ಯಕ್ಕೆ ಯಾವ ತೊಂದರೆಯೂ ಇಲ್ಲ. ಆದರೆ ಕ್ಯಾನ್ಸರ್ ಬಂದರೂ ಅವರಲ್ಲಿ ಸಿಎ 19-9 ಏರುವುದಿಲ್ಲ. ಬೀಜವೇ ಬಿತ್ತದ ಹೊಲದಲ್ಲಿ ಪೈರು ಹುಡುಕಿದ ಹಾಗೆ. ಭಾಯಿಜಾನರ ವಿಷಯದಲ್ಲೂ ಇದೇ ಆಗಿರಬೇಕು ಅಂತ ಆಮೇಲೆ ಅವರನ್ನು ನೋಡಿದ ಡಾಕ್ಟರು ಹೇಳಿದರು. ಇನ್ನು, ಈ ಕಿಣ್ವ ಇದ್ದವರಲ್ಲೂ ಗಡ್ಡೆ ಸಣ್ಣದಿರುವಾಗ ಅಂಕಿ ಎಷ್ಟೋ ಸಲ 37ರ ಒಳಗೇ ಇರುತ್ತದೆ. ಹಿಡಿಯಬೇಕಾದ ಹೊತ್ತಿನಲ್ಲೇ ಪರೀಕ್ಷೆಯ ಕೈ ಸೋಲುತ್ತದೆ.

ಒಂದು ಲೆಕ್ಕ

ವಿದ್ಯಾರ್ಥಿಗಳು ಪೆನ್ನು ಹಿಡಿದು ಈ ಲೆಕ್ಕ ಮಾಡಿ ನೋಡಬೇಕು. ಯಾವ ತೊಂದರೆಯೂ ಇಲ್ಲದ ಒಂದು ಲಕ್ಷ ಜನರಿಗೆ ಈ ಪರೀಕ್ಷೆ ಮಾಡಿದೆವು ಅಂತ ಇಟ್ಟುಕೊಳ್ಳೋಣ. ಅವರಲ್ಲಿ 20 ಮಂದಿಗೆ ನಿಜವಾಗಿ ಈ ಕ್ಯಾನ್ಸರ್ ಇದೆ ಅನ್ನೋಣ. ಪರೀಕ್ಷೆ ರೋಗ ಇದ್ದವರಲ್ಲಿ ನೂರಕ್ಕೆ 80 ಮಂದಿಯನ್ನು ಹಿಡಿಯುತ್ತದೆ, ರೋಗ ಇಲ್ಲದವರಲ್ಲಿ ನೂರಕ್ಕೆ 10 ಮಂದಿಗೆ ಸುಮ್ಮನೆ 'ಹೈ' ಅನ್ನುತ್ತದೆ ಅಂತಲೂ ಇಟ್ಟುಕೊಳ್ಳಿ.

ರೋಗ ಇದ್ದ 20ರಲ್ಲಿ 16 ಮಂದಿ ಸಿಕ್ಕರು. ರೋಗ ಇಲ್ಲದ 99,980 ಮಂದಿಯಲ್ಲಿ 9,998 ಜನರಿಗೆ 'ಹೈ' ಬಂತು. ಒಟ್ಟು 10,014 ಮನೆಗಳಲ್ಲಿ ಗಾಬರಿ, ನಿಜವಾದ ರೋಗಿಗಳು 16. ಅಂದರೆ 'ಹೈ' ಬಂದವರಲ್ಲಿ 600ಕ್ಕೂ ಹೆಚ್ಚು ಜನರಿಗೆ ಒಬ್ಬ. ಉಳಿದ ನಾಲ್ವರು ರೋಗಿಗಳು 'ನಾರ್ಮಲ್' ಅಂತ ನಿಶ್ಚಿಂತೆಯಿಂದ ಮನೆಗೆ ಹೋದರು.

ಈಗ ಅದೇ ಪರೀಕ್ಷೆಯನ್ನು ಬೇರೆ 1,000 ಜನರಿಗೆ ಮಾಡೋಣ. ಇವರೆಲ್ಲ ತೂಕ ಇಳಿದು, ಹೊಟ್ಟೆ ನೋವು, ಕಾಮಾಲೆ ಅಂತ ಬಂದವರು. ಇವರಲ್ಲಿ 100 ಮಂದಿಗೆ ರೋಗ ಇದೆ ಅಂದುಕೊಳ್ಳಿ. 80 ಮಂದಿ ಸಿಗುತ್ತಾರೆ, ಇಲ್ಲದವರಲ್ಲಿ 90 ಮಂದಿಗೆ 'ಹೈ' ಬರುತ್ತದೆ. ಈಗ 'ಹೈ' ಬಂದವರಲ್ಲಿ ಹೆಚ್ಚುಕಡಿಮೆ ಇಬ್ಬರಿಗೆ ಒಬ್ಬರು ರೋಗಿ. (ಕಾಮಾಲೆ ಇದ್ದವರಲ್ಲಿ ಸುಳ್ಳು 'ಹೈ' ಇನ್ನೂ ಹೆಚ್ಚು, ಲೆಕ್ಕ ಸುಲಭವಾಗಲೆಂದು ಅದನ್ನು ಬಿಟ್ಟಿದ್ದೇನೆ.) ಪರೀಕ್ಷೆ ಬದಲಾಗಲಿಲ್ಲ, ಕಿಟ್ ಬದಲಾಗಲಿಲ್ಲ. ಯಾರಿಗೆ ಮಾಡಿದೆವು ಅನ್ನುವುದು ಬದಲಾಯಿತು, ಅಂಕಿಯ ಅರ್ಥವೂ ಬದಲಾಯಿತು.

ಅಮೆರಿಕದ ಆರೋಗ್ಯ ತಪಾಸಣೆಯ ತಜ್ಞ ಸಮಿತಿ ಲಕ್ಷಣ ಇಲ್ಲದ ಸಾಮಾನ್ಯ ಜನರಲ್ಲಿ ಈ ಕ್ಯಾನ್ಸರಿಗಾಗಿ ತಪಾಸಣೆ ಮಾಡುವುದು ಬೇಡ ಅಂತ 2019ರಲ್ಲಿ ಮತ್ತೊಮ್ಮೆ ಹೇಳಿದ್ದರ ಹಿಂದೆ ಇಂಥದೇ ವಿಚಾರ ಇದೆ. ಸುಳ್ಳು 'ಹೈ' ಬರೀ ಗಾಬರಿಯಲ್ಲಿ ನಿಲ್ಲುವುದಿಲ್ಲ. ಸ್ಕ್ಯಾನು, ಎಂಡೋಸ್ಕೋಪಿ, ಸೂಜಿ ಚುಚ್ಚುವುದು ಅಂತ ಬೆಳೆಯುತ್ತದೆ. ಖರ್ಚೂ ಇದೆ, ಅಪಾಯವೂ ಇದೆ.

ಹಾಗಾದರೆ ಈ ಪರೀಕ್ಷೆ ನಿಷ್ಪ್ರಯೋಜಕವೇ? ಅಲ್ಲವೇ ಅಲ್ಲ. ರೋಗ ಖಚಿತವಾದ ಮೇಲೆ ಇದರ ಬೆಲೆ ದೊಡ್ಡದು. ಆಪರೇಷನ್ನಿಗೆ ಮೊದಲು 800 ಇದ್ದದ್ದು ಆಮೇಲೆ 20ಕ್ಕೆ ಇಳಿದರೆ ಒಳ್ಳೆಯ ಸೂಚನೆ. ಇಳಿದದ್ದು ಮತ್ತೆ ಏರತೊಡಗಿದರೆ ರೋಗ ಮರಳುತ್ತಿರಬಹುದೆಂಬ ಎಚ್ಚರಿಕೆ. ಕೀಮೋಥೆರಪಿ ಕೆಲಸ ಮಾಡುತ್ತಿದೆಯೇ ಅಂತ ನೋಡಲೂ ಬೇಕು. ಇದು ಕಳ್ಳನ ಗುರುತು ಸಿಕ್ಕ ಮೇಲೆ ಅವನ ಬೆನ್ನು ಹತ್ತಲು ಒಳ್ಳೆಯದು, ಸಂತೆಯಲ್ಲಿ ಕಳ್ಳ ಯಾರು ಅಂತ ತೋರಿಸಲು ಅಲ್ಲ.

ನಮ್ಮ ಕಡೆಯ ವಿಶೇಷ

ದಕ್ಷಿಣ ಭಾರತದವರು ತಿಳಿಯಬೇಕಾದ ಇನ್ನೊಂದು ವಿಷಯ ಇದೆ. ಕುಡಿತದ ಚಟವೇ ಇಲ್ಲದ ಎಳೆಯ ವಯಸ್ಸಿನವರಲ್ಲೂ ಮೇದೋಜೀರಕ ಪದೇ ಪದೇ ಊದಿಕೊಂಡು, ಒಳಗೆ ಕಲ್ಲುಗಳಾಗಿ, ಕಡೆಗೆ ಸಕ್ಕರೆ ಕಾಯಿಲೆಗೆ ತಿರುಗುವ ಒಂದು ರೋಗ ನಮ್ಮಲ್ಲಿ ಇದೆ. ಕೇರಳದಲ್ಲಿ ಹೆಚ್ಚಾಗಿ ಕಂಡದ್ದು. ವೈದ್ಯರು ಇದನ್ನು ಉಷ್ಣವಲಯದ ಪ್ಯಾಂಕ್ರಿಯಾಟೈಟಿಸ್ ಅಂದರು. ಬಹಳ ವರ್ಷ ಮರಗೆಣಸು, ಅಪೌಷ್ಟಿಕತೆಗಳ ಮೇಲೆ ಅನುಮಾನ ಇತ್ತು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಗಿರಿರಾಜ್ ಚಾಂಡಕ್ ಮತ್ತು ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ಡಾ. ಡಿ. ನಾಗೇಶ್ವರ ರೆಡ್ಡಿಯವರ ತಂಡ 2002ರಲ್ಲಿ ಈ ರೋಗಿಗಳ ವಂಶವಾಹಿಗಳನ್ನು ಪರೀಕ್ಷಿಸಿ, ಸ್ಪಿಂಕ್-1 ಅನ್ನುವ ಜೀನಿನ ಬದಲಾವಣೆಗೂ ಈ ರೋಗಕ್ಕೂ ನಂಟಿದೆ ಅಂತ ತೋರಿಸಿತು. ಗ್ರಂಥಿ ತನ್ನ ರಸದಿಂದ ತಾನೇ ಸುಟ್ಟುಕೊಳ್ಳದಂತೆ ಕಾಯುವ ಜೀನು ಅದು.

ಇದನ್ನು ಇಲ್ಲಿ ಹೇಳಲು ಎರಡು ಕಾರಣ. ಇಂಥ ಹಳೆಯ ಉರಿಯೂತ ಇದ್ದವರಲ್ಲಿ ಮೇದೋಜೀರಕದ ಕ್ಯಾನ್ಸರಿನ ಅಪಾಯ ಬೇರೆಯವರಿಗಿಂತ ಬಹಳ ಹೆಚ್ಚು. ಆದರೆ ಅದೇ ಉರಿಯೂತ ಕ್ಯಾನ್ಸರ್ ಇಲ್ಲದೆಯೂ ಸಿಎ 19-9ನ್ನು ಏರಿಸುತ್ತದೆ. ಪರೀಕ್ಷೆ ಯಾರಿಗೆ ಹೆಚ್ಚು ಬೇಕೋ ಅವರಲ್ಲೇ ಅದು ಹೆಚ್ಚು ಗೊಂದಲ ಮಾಡುತ್ತದೆ. ಅಂಥವರು ಪ್ಯಾಕೇಜಿನ ರಿಪೋರ್ಟ್ ನಂಬಿ ಕೂರದೆ ಹೊಟ್ಟೆ ರೋಗದ ತಜ್ಞರ ಕಣ್ಣಳತೆಯಲ್ಲೇ ಇರಬೇಕು.

ಹೊಸ ಮಾರ್ಕರುಗಳ ಹುಡುಕಾಟ ನಿಂತಿಲ್ಲ. 2017ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕೆನ್ನೆತ್ ಜಾರೆಟ್ ಅವರ ತಂಡ ಟಿಎಚ್‌ಬಿಎಸ್-2 ಅನ್ನುವ ಪ್ರೋಟೀನನ್ನು ಸಿಎ 19-9 ಜೊತೆ ಸೇರಿಸಿ ನೋಡಿದರೆ ಪತ್ತೆ ಸುಧಾರಿಸುತ್ತದೆ ಅಂತ ತೋರಿಸಿತು. ಈ ಕ್ಯಾನ್ಸರುಗಳಲ್ಲಿ ನೂರಕ್ಕೆ ತೊಂಬತ್ತರಷ್ಟರಲ್ಲಿ ಕೆರಾಸ್ ಎಂಬ ಜೀನು ಕೆಟ್ಟಿರುತ್ತದೆ. ಗಡ್ಡೆಯಿಂದ ರಕ್ತಕ್ಕೆ ಸೋರಿದ ಡಿಎನ್ಎ ಚೂರುಗಳಲ್ಲಿ ಅದನ್ನು ಹುಡುಕುವ ಪ್ರಯತ್ನವೂ ನಡೆದಿದೆ. 2012ರಲ್ಲಿ ಜ್ಯಾಕ್ ಆಂಡ್ರಕಾ ಅನ್ನುವ ಅಮೆರಿಕದ ಶಾಲಾ ಹುಡುಗ ಕಾಗದದ ಪಟ್ಟಿಯ ಪರೀಕ್ಷೆಯೊಂದಕ್ಕೆ ದೊಡ್ಡ ವಿಜ್ಞಾನ ಪ್ರಶಸ್ತಿ ಗೆದ್ದಾಗ ಪ್ರಪಂಚವೇ ಕುಣಿದಿತ್ತು. ಆ ಪಟ್ಟಿ ಆಸ್ಪತ್ರೆಗೆ ಬರಲಿಲ್ಲ. ಹುಡುಗನ ಜಾಣತನ ಸುಳ್ಳಲ್ಲ, ಆದರೆ ಪ್ರಯೋಗಾಲಯದ ಮೇಜಿನಿಂದ ಸಾವಿರಾರು ರೋಗಿಗಳ ಪರೀಕ್ಷೆ ದಾಟುವ ದಾರಿ ಬಹಳ ಉದ್ದ. ನಮ್ಮ ಮಕ್ಕಳು ಈ ದಾರಿಯಲ್ಲಿ ನಡೆಯುವ ಕನಸು ಕಾಣಲಿ. ಸುಮಾರು ಸಾವಿರದ ನೂರು ವರ್ಷದ ಹಿಂದೆ ಅರ್ ರಾಝಿ ಅನ್ನುವ ಮಹಾನ್ ವೈದ್ಯರು ಸಿಡುಬು ಬೇರೆ, ದಡಾರ ಬೇರೆ ಅಂತ ಲಕ್ಷಣಗಳನ್ನು ಬಿಡಿಸಿ ಬರೆದು ಹೆಸರಾದರು. ಒಂದೇ ಥರ ಕಾಣುವ ಎರಡನ್ನು ಬೇರೆ ಮಾಡುವುದೇ ಇವತ್ತಿನ ಮಾರ್ಕರುಗಳ ಕೆಲಸವೂ ಹೌದು.

ಭಾಯಿಜಾನ್ ಹೇಳಿದ್ದು

ಅಂಕಿಗಿಂತ ಮೊದಲು ಮೈ ಮಾತಾಡಿತ್ತು, ನಾವು ಕೇಳಲಿಲ್ಲ. ಭಾಯಿಜಾನರಿಗೆ 58. ಇದ್ದಕ್ಕಿದ್ದಂತೆ ಶುಗರ್ ಬಂತು. ಸಾಮಾನ್ಯವಾಗಿ ಶುಗರ್ ಬರುವುದು ಮೈ ಬಂದವರಿಗೆ, ಇವರೋ ನಾಲ್ಕು ತಿಂಗಳಲ್ಲಿ 11 ಕಿಲೋ ಇಳಿದಿದ್ದರು. ವಾಕಿಂಗ್ ಮಾಡ್ತಾರಲ್ಲ, ಅದಕ್ಕೇ ಅಂತ ಖುಷಿಪಟ್ಟೆವು. ಮೇಲ್ಹೊಟ್ಟೆಯಿಂದ ಬೆನ್ನಿಗೆ ಇರಿಯುವ ನೋವು ಇತ್ತು, ಮಲಗಿದರೆ ಜಾಸ್ತಿ. ಒಮ್ಮೆ ನನಗೆ ಹೇಳಿದ್ದರು: "ಸಜ್ದಾದಾಗ ಇದ್ದಷ್ಟು ಹೊತ್ತು ಆರಾಮ ಅನಸ್ತದ, ಎದ್ದ ಕೂಡ್ಲೆ ಮತ್ತ ಶುರು ಆಗ್ತದ." ನಮಾಝಿನ ಬರ್ಕತ್ತು ಅಂದುಕೊಂಡೆವು. ನಮಾಝಿನಲ್ಲಿ ನೆಮ್ಮದಿ ಇರುವುದು ನಿಜ. ಆದರೆ ಮುಂದಕ್ಕೆ ಬಾಗಿದಾಗ ಕಡಿಮೆಯಾಗುವ ಬೆನ್ನುನೋವು ಮೇದೋಜೀರಕದ ನೋವಿನ ಗುರುತೂ ಹೌದು ಅಂತ ಜೀವಶಾಸ್ತ್ರ ಕಲಿಸಿದ ನನಗೂ ಹೊಳೆಯಲಿಲ್ಲ.

ಯಾರೋ ಹೇಳಿದರೆಂದು ಸಿಎ 19-9 ಮಾಡಿಸಿದೆವು. 3 ಬಂತು. "ಅಲ್‌ಹಮ್ದುಲಿಲ್ಲಾಹ್, ಏನೂ ಇಲ್ಲ" ಅಂತ ಅತ್ತಿಗೆ ಖೀರು ಮಾಡಿ ಓಣಿಗೆ ಹಂಚಿದರು. ಮೂರು ತಿಂಗಳು ಗ್ಯಾಸಿನ ಮಾತ್ರೆಯಲ್ಲಿ ಕಳೆಯಿತು. ಸಿಟಿ ಸ್ಕ್ಯಾನ್ ಆದಾಗ ಗ್ರಂಥಿಯ ನಡುಭಾಗದ ಗಡ್ಡೆ ಲಿವರಿಗೂ ಹಬ್ಬಿತ್ತು. ಆ ಮೂರು ತಿಂಗಳಿಂದ ಏನು ಬದಲಾಗುತ್ತಿತ್ತೋ ಅಲ್ಲಾಹನೇ ಬಲ್ಲ. ಆದರೆ ನಾವು ಓದಬೇಕಾಗಿದ್ದದ್ದು ಕಾಗದವನ್ನಲ್ಲ, ಎದುರಿಗೆ ಕೂತಿದ್ದ ಮನುಷ್ಯನನ್ನು.

ಐವತ್ತು ದಾಟಿದ ಮೇಲೆ ಹೊಸದಾಗಿ ಶುಗರ್ ಬಂದವರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಗೆ ಮುಂದಿನ ಮೂರು ವರ್ಷದಲ್ಲಿ ಈ ಕ್ಯಾನ್ಸರ್ ಕಾಣಿಸುತ್ತದೆ. ಆದ್ದರಿಂದ ಶುಗರ್ ಬಂದ ಎಲ್ಲರೂ ಹೆದರಬೇಕಿಲ್ಲ. ಆದರೆ ಹೊಸ ಶುಗರಿನ ಜೊತೆ ಕಾರಣವಿಲ್ಲದೆ ತೂಕ ಇಳಿದರೆ, ಬೆನ್ನಿಗೆ ಹಾಯುವ ನೋವಿದ್ದರೆ, ಹಸಿವು ಸತ್ತರೆ, ಮಲ ಜಿಡ್ಡಾಗಿ ಬೆಳ್ಳಗೆ ಹೋದರೆ, ನೋವಿಲ್ಲದೆ ಕಣ್ಣು ಹಳದಿಯಾದರೆ ಡಾಕ್ಟರರ ಮುಂದೆ ಎಲ್ಲವನ್ನೂ ಒಟ್ಟಿಗೆ ಹೇಳಬೇಕು. ಆಗ ಬೇಕಾಗುವುದು ಮೇದೋಜೀರಕವನ್ನೇ ಗುರಿಯಾಗಿಟ್ಟ ಸಿಟಿ ಸ್ಕ್ಯಾನ್, ಅಗತ್ಯ ಬಿದ್ದರೆ ಎಂಡೋಸ್ಕೋಪಿಯ ಮೂಲಕ ಮಾಡುವ ಅಲ್ಟ್ರಾಸೌಂಡ್. ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿಯರಲ್ಲಿ ಇಬ್ಬರಿಗೆ ಈ ರೋಗ ಬಂದ ಮನೆಯವರೂ ತಜ್ಞರನ್ನು ಕಾಣಬೇಕು. ಕಲಬುರಗಿಯವರಿಗೆ ಊರಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರ ಇದೆ. ಹೈದರಾಬಾದಿನಲ್ಲಿ ರೆಡ್ ಹಿಲ್ಸ್‌ನ ಎಂಎನ್‌ಜೆ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಇದೆ.

ಮಾದಾಪುರದ ಹುಡುಗನನ್ನು ಹೊಟ್ಟೆ ರೋಗದ ಡಾಕ್ಟರರ ಹತ್ತಿರ ಕಳಿಸಿದೆ. ಅವರು ಮೊದಲು ರಿಪೋರ್ಟು ನೋಡಲಿಲ್ಲ, ತೂಕ, ಹಸಿವು, ನೋವು, ಮಲದ ಬಣ್ಣ ಕೇಳಿದರು. ಲಿವರ್ ಪರೀಕ್ಷೆ, ಅಲ್ಟ್ರಾಸೌಂಡ್ ಮಾಡಿಸಿದರು. ಸ್ವಲ್ಪ ಫ್ಯಾಟಿ ಲಿವರ್ ಬಿಟ್ಟರೆ ಏನೂ ಇರಲಿಲ್ಲ. ಕಿಟ್‌ನಿಂದ ಕಿಟ್‌ಗೆ ಅಂಕಿ ಬದಲಾಗುತ್ತದೆ, ಅದಕ್ಕೇ ಆರು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸು ಅಂದರು. 31 ಬಂತು.

ಕಡೆಗೆ ಡಾಕ್ಟರು ಒಂದು ಪ್ರಶ್ನೆ ಕೇಳಿದರಂತೆ, ದಿನಕ್ಕೆ ಎಷ್ಟು ಸಿಗರೇಟು ಅಂತ. ಎಂಟು. ಸೇದುವವರಿಗೆ ಈ ಕ್ಯಾನ್ಸರಿನ ಅಪಾಯ ಸೇದದವರ ಸುಮಾರು ಎರಡರಷ್ಟು. 52ಕ್ಕೆ ಹೆದರಿ ಆರು ವಾರ ನಿದ್ದೆಗೆಟ್ಟ ಹುಡುಗ, ಆ ಎಂಟರ ಬಗ್ಗೆ ಒಂದು ರಾತ್ರಿಯೂ ನಿದ್ದೆಗೆಟ್ಟಿರಲಿಲ್ಲ. "ಬಿಟ್ಟೀನಿ ಮಾಮು, ಖಸಂ ಅಲ್ಲಾಹ್" ಅನ್ನುತ್ತಾನೆ. ದುಆ ಮಾಡುತ್ತಿದ್ದೇನೆ. ಫೋನು ಮಾಡಿದಾಗಲೆಲ್ಲ ಕೇಳುತ್ತಲೂ ಇದ್ದೇನೆ.